ಮೂಲಾ ನಕ್ಷತ್ರದ ಹುಡುಗಿ



ದೀಕ್ಷೆ ಪಡೆದ ಮನೆಗಳಲ್ಲೂ ‘ಹುಡುಗೀದು ಮೂಲಾ ನಕ್ಷತ್ರ, ಮಾವನಿಗೆ ಆಗಲ್ಲ’ ಎಂಬ ಮಾತು ಇನ್ನೂ ನನ್ನ ಕಿವಿಗೆ ಬೀಳುತ್ತಿದೆ.

ಮೂಲಾ ಎಂದರೆ ಆಕಾಶದ ಚೇಳಿನ ಬಾಲ. (ಚೇಳು ಎಂದೊಡನೆ ಕುಟುಕುತ್ತದೆ ಅಂದುಕೊಂಡರೇನೋ!) ಜುಲೈ ಕೊನೆಗೆ, ಮೋಡವಿಲ್ಲದಿದ್ದರೆ, ರಾತ್ರಿ 9ಕ್ಕೆ ದಕ್ಷಿಣದಲ್ಲಿ ಕಾಣುತ್ತದೆ. ಭೂಮಿ ಒಂದು ಸುತ್ತು ತಿರುಗಲು 23 ಗಂಟೆ 56 ನಿಮಿಷ. ಅಷ್ಟರಲ್ಲಿ ಸೂರ್ಯನ ಸುತ್ತಲೂ ತುಸು ಸಾಗಿರುವುದರಿಂದ, ಸೂರ್ಯ ಮತ್ತೆ ಎದುರಾಗಲು ಇನ್ನೂ 4 ನಿಮಿಷ ಬೇಕು. ಅದಕ್ಕೇ ನಕ್ಷತ್ರಗಳು ದಿನವೂ 4 ನಿಮಿಷ ಮೊದಲೇ ಮೂಡುತ್ತವೆ. ಡಿಸೆಂಬರಿನಲ್ಲಿ ಮೂಲಾ ಸೂರ್ಯನ ಕಡೆಗೇ ಇದ್ದು ಕಾಣುವುದಿಲ್ಲ. ಭೂಮಿಯ ಈ ತಿರುಗಾಟಕ್ಕೂ ಮಾವನ ಆಯುಷ್ಯಕ್ಕೂ ಏನು ನಂಟು?

ನಕ್ಖತ್ತ ಜಾತಕದಲ್ಲಿ, ನಕ್ಷತ್ರ ಸರಿಯಿಲ್ಲವೆಂಬ ಮಾತು ನಂಬಿ ಗಂಡಿನವರು ಮದುವೆಯ ದಿನ ಹೋಗಲೇ ಇಲ್ಲ. ಮರುದಿನ ಬಂದಾಗ ಹುಡುಗಿಗೆ ಬೇರೆಯವನೊಂದಿಗೆ ಮದುವೆಯಾಗಿತ್ತು.

ಭವತು ಸಬ್ಬ ಮಂಗಲಂ.