ಡೊಳ್ಳು ಹೊತ್ತವರು ಯಾರ ಒಕ್ಕಲು?

ಶಿವಮೊಗ್ಗದ ದಸರೆ ಮೆರವಣಿಗೆಯಲ್ಲಿ ಅಂಬಾರಿ ಹೊತ್ತ ಸಕ್ರೆಬೈಲಿನ ಆನೆ ಇನ್ನೂ ತಿರುವಿನಾಚೆ ಇರುವಾಗಲೇ ಡೊಳ್ಳಿನ ಸದ್ದು ಎದೆಗೆ ಬಡಿಯುತ್ತದೆ. ಇಂಥ ತಂಡಗಳಲ್ಲಿ ಈಗ ಕಾಲೇಜು ಹುಡುಗಿಯರೂ ಇರುತ್ತಾರೆ, ಕುರುಬರಲ್ಲದ ಮನೆಗಳ ಹುಡುಗರೂ ಇರುತ್ತಾರೆ. ಮಗಳು ತಂಡ ಸೇರುತ್ತೇನೆಂದಾಗ ಮನೆಯ ಹಿರಿಯರಿಂದ ಬರುವ ಮಾತು ಒಂದೇ: "ಅದು ಕುರುಬರ ದೇವರು ಬೀರಪ್ಪನ ವಾದ್ಯ ಕಣಮ್ಮ, ನಾವು ಆ ದೇವರ ಒಕ್ಕಲಲ್ಲ." ತಲೆಮಾರುಗಳಿಂದ ಬಾರಿಸಿಕೊಂಡು ಬಂದವರಿಗೂ ಅಳುಕಿದೆ. ದೇವರ ಮುಂದಿನದು ಸ್ಟೇಜು ಹತ್ತಿದರೆ, ಕಂಡಕಂಡವರು ಹೊತ್ತರೆ, ಅದರಲ್ಲಿ ದೇವರು ಉಳಿಯುತ್ತಾನೆಯೇ ಎಂಬುದು ಅವರ ಪ್ರಶ್ನೆ. ಎರಡನ್ನೂ ಹಗುರವಾಗಿ ತಳ್ಳಿಹಾಕುವಂತಿಲ್ಲ.

ಈ ಅಳುಕು ಎಲ್ಲೆಡೆ ಇರುವುದಿಲ್ಲ. ಅಮೆರಿಕದ ಊರುಗಳಲ್ಲಿ ಮಕ್ಕಳು ಬ್ಯಾಂಡಿನ ಜೊತೆ ಬೇಟನ್ ತಿರುಗಿಸುವ, ಬಾವುಟ ಬೀಸಿ ಕುಣಿಯುವ ತಂಡಗಳನ್ನು ಸೇರುತ್ತಾರೆ. ಅದರ ಬೇರು ಸೈನ್ಯದ ಕವಾಯತಿನಲ್ಲಿದೆ, ದೇವರ ಪ್ರಶ್ನೆ ಅಲ್ಲಿ ಏಳುವುದಿಲ್ಲ. ನಮ್ಮಲ್ಲಿ ಕೋಲು, ಬಾವುಟ, ವಾದ್ಯ ಎಲ್ಲಕ್ಕೂ ಒಬ್ಬ ದೇವರಿದ್ದಾನೆ. ಸೊಲ್ಲಾಪುರದ ಸಿದ್ಧರಾಮೇಶ್ವರನ ಸಂಕ್ರಾಂತಿ ಜಾತ್ರೆಯಲ್ಲಿ ಏಳು ನಂದಿಧ್ವಜಗಳು ಹೊರಡುತ್ತವೆ. ಆ ಧ್ವಜದ ಉದ್ದನೆಯ ಬಿದಿರನ್ನು ನೆಟ್ಟಗೆ ಹಿಡಿದು ನಡೆಯಲು ತಿಂಗಳುಗಟ್ಟಲೆ ಅಭ್ಯಾಸ ಬೇಕು. ಮೈಸೂರಿನ ಜಂಬೂಸವಾರಿ ಶುರುವಾಗುವುದೂ ನಂದಿಧ್ವಜದ ಪೂಜೆಯಿಂದಲೇ.

ಡೊಳ್ಳಿನ ಕಥೆಯಂತೂ ಶಿವನಿಂದಲೇ ಆರಂಭ. ಡೊಳ್ಳಾಸುರನೆಂಬ ರಾಕ್ಷಸ ಶಿವನನ್ನು ನುಂಗಿದ, ಶಿವ ಅವನ ಹೊಟ್ಟೆ ಸೀಳಿ ಹೊರಬಂದ, ಅವನ ಚರ್ಮವನ್ನೇ ಡೊಳ್ಳಿಗೆ ಹೊದಿಸಿದ ಎನ್ನುತ್ತಾರೆ. ಹೇಳುವವರ ಬಾಯಲ್ಲಿ ವಿವರ ಬದಲಾಗುತ್ತದೆ. ಆದರೆ ದೇವರನ್ನೇ ನುಂಗಿ ತನ್ನೊಳಗೆ ಇಟ್ಟುಕೊಳ್ಳಲು ಹೋದವನು ಕೊನೆಗೆ ಎಲ್ಲರಿಗೂ ಕೇಳಿಸುವ ನಾದವಾದ ಎಂಬ ಈ ಕಥೆಯ ತಿರುಳನ್ನು ಮರೆಯಬಾರದು.

ಹೊಸಬರಿಗೆ ಮೊದಲ ವಾರ ಪುರಾಣವೂ ನೆನಪಿರುವುದಿಲ್ಲ, ಭಕ್ತಿಯೂ ಇರುವುದಿಲ್ಲ. ಹಗ್ಗ ಹೆಗಲನ್ನು ಕೊರೆಯುತ್ತದೆ. ಒಂದು ಕೈಯಲ್ಲಿ ಕೋಲು, ಇನ್ನೊಂದು ಬರಿಗೈ. ಚರ್ಮಕ್ಕೆ ಬಡಿದು ಬಡಿದು ಅಂಗೈ ಕೆಂಪಾಗುತ್ತದೆ. ಹೆಜ್ಜೆ ಸರಿಹೋದರೆ ಪೆಟ್ಟು ತಪ್ಪುತ್ತದೆ, ಪೆಟ್ಟು ಸರಿಹೋದರೆ ಪಕ್ಕದವರಿಗೆ ಡೊಳ್ಳು ತಾಗುತ್ತದೆ. ಮಧ್ಯೆ ತಾಳ ಹಿಡಿದು ನಿಂತ ಗುರು ಯಾರ ಹೆಸರನ್ನೂ ಹಿಡಿದು ಬೈಯುವುದಿಲ್ಲ, "ಮೊದಲಿಂದ" ಎನ್ನುತ್ತಾರೆ. ಒಬ್ಬಳು ತಪ್ಪಿದರೆ ತಂಡದ ಹನ್ನೆರಡೂ ಜನ ಮೊದಲಿಂದಲೇ ಬಾರಿಸಬೇಕು. ಒಂದು ಸಂಜೆ ಎಣಿಕೆ ಮರೆತುಹೋಗಿ ಕೈ ತಾನಾಗಿ ಬೀಳುತ್ತದೆ. ಹನ್ನೆರಡು ಡೊಳ್ಳುಗಳ ನಡುವೆ ತನ್ನದು ಯಾವುದೆಂದು ಆಗ ತನಗೇ ಗೊತ್ತಾಗುವುದಿಲ್ಲ.

ಅದು ಭಕ್ತಿಯೇ? ಈ ಪ್ರಶ್ನೆ ಕೇಳಲು ಶಿವಮೊಗ್ಗ ಜಿಲ್ಲೆಗಿಂತ ತಕ್ಕ ನೆಲ ಸಿಗದು. ಇದೇ ಜಿಲ್ಲೆಯ ಬಳ್ಳಿಗಾವಿಯ ಶರಣ ಅಲ್ಲಮಪ್ರಭು ಮೂಲತಃ ಮದ್ದಳೆ ಬಾರಿಸುವವನು. ಚಾಮರಸನ 'ಪ್ರಭುಲಿಂಗಲೀಲೆ'ಯಲ್ಲಿ ಅವನು ಬನವಾಸಿಯ ಗುಡಿಯಲ್ಲಿ ಮಾಯೆಯ ನೃತ್ಯಕ್ಕೆ ಮದ್ದಳೆ ನುಡಿಸುತ್ತಾನೆ, ಅವಳ ಕೈಗೆ ಮಾತ್ರ ಸಿಗುವುದಿಲ್ಲ. ತಾಳದೊಳಗೆ ಪೂರ್ತಿ ಮುಳುಗಿಯೂ ಎಚ್ಚರ ತಪ್ಪದವನು ಆತ. ಇನ್ನೊಬ್ಬ ಶರಣ ಢಕ್ಕೆಯ ಬೊಮ್ಮಣ್ಣ. ಮಾರಿದೇವಿಯನ್ನು ತಲೆಯ ಮೇಲೆ ಹೊತ್ತು ಢಕ್ಕೆ ಬಾರಿಸುವುದೇ ಅವನ ಕಾಯಕ. ಶರಣರ ಅನುಭವ ಮಂಟಪಕ್ಕೆ ಆ ವಾದ್ಯ ಮೈಲಿಗೆಯೆನಿಸಲಿಲ್ಲ. ಚರ್ಮ ಹದ ಮಾಡುವ ಡೋಹರ ಕಕ್ಕಯ್ಯನೂ ಅಲ್ಲಿದ್ದ. ಹನ್ನೆರಡನೆಯ ಶತಮಾನದಲ್ಲೇ ಕನ್ನಡ ನಾಡು ಕೈ ಮಾಡುವ ಕೆಲಸವನ್ನು ಪೂಜೆಯ ಸಾಲಿನಲ್ಲಿ ಕೂರಿಸಿತ್ತು. ಹುಟ್ಟನ್ನು ಕೇಳಿ ಡೊಳ್ಳು ಕೊಡುವುದು ಅದಕ್ಕೆ ಒಪ್ಪುವ ಮಾತಲ್ಲ.

ಆದರೆ ಒಟ್ಟಾಗಿ ಹೆಜ್ಜೆ ಹಾಕಿದ್ದೆಲ್ಲ ಪವಿತ್ರವೆಂದರೆ ಅಪಾಯವಿದೆ. ಅಮೆರಿಕದ ಇತಿಹಾಸಕಾರ ವಿಲಿಯಂ ಮೆಕ್‌ನೀಲ್ 1941ರಲ್ಲಿ ಸೈನ್ಯಕ್ಕೆ ಸೇರಿ ಟೆಕ್ಸಾಸಿನ ಬಿಸಿಲಲ್ಲಿ ಕವಾಯತು ಮಾಡಿದವರು. ಕೆಲಸಕ್ಕೆ ಬಾರದ ಆ ನಡಿಗೆ ಯಾಕೆ ಅಷ್ಟು ಹಿತವೆನಿಸಿತೆಂಬ ಪ್ರಶ್ನೆ ಅವರನ್ನು ಬಿಡಲಿಲ್ಲ. 1995ರಲ್ಲಿ ಅದರ ಮೇಲೆ ಒಂದು ಪುಸ್ತಕವನ್ನೇ ಬರೆದರು. ತಾಳಕ್ಕೆ ತಕ್ಕಂತೆ ಮೈಗಳು ಒಟ್ಟಿಗೆ ಚಲಿಸಿದರೆ 'ನಾನು' ಕರಗಿ 'ನಾವು' ಹುಟ್ಟುತ್ತದೆ ಎಂಬುದು ಅವರು ಕಂಡದ್ದು. ಹಳ್ಳಿಯ ಕುಣಿತವನ್ನೂ ಗುಡಿಯ ಕುಣಿತವನ್ನೂ ಕಟ್ಟಿದ ಈ ಶಕ್ತಿಯನ್ನೇ ಹಿಟ್ಲರನ ಮೆರವಣಿಗೆಗಳೂ ಬಳಸಿಕೊಂಡವು. ಅಹಂಕಾರ ಕರಗಿತೆಂದ ಮಾತ್ರಕ್ಕೆ ದೇವರು ಸಿಕ್ಕನೆಂದು ಹೇಳಲಾಗದು. ಆ ಜಾಗದಲ್ಲಿ ಯಾರು ಬಂದು ಕೂತರೆಂದು ನೋಡಬೇಕು. 'ನಾವು' ಎಂಬುದಕ್ಕೆ ಒಬ್ಬ ಶತ್ರು ಬೇಕೇ ಬೇಕು ಎನ್ನುವ ತಂಡ ಎಷ್ಟೇ ಕುಂಕುಮ ಹಚ್ಚಿಕೊಂಡರೂ ಅದು ಪೂಜೆಯಲ್ಲ. ಸದ್ದು ಕೇಳಿ ಬಂದವರಿಗೆಲ್ಲ ಜಾಗ ಕೊಡುವ ತಂಡ ದೇವರ ಹೆಸರು ಹೇಳದಿದ್ದರೂ ಪೂಜೆಗೆ ಹತ್ತಿರವಿದೆ.

ಬಂದವರಿಗೆಲ್ಲ ಜಾಗ ಕೊಡುವುದು ಇದೇ ಜಿಲ್ಲೆಯ ಭದ್ರಾವತಿಗೆ ಹೊಸದಲ್ಲ. ಬೆಂಕಿಪುರವೆಂದು ಕರೆಸಿಕೊಳ್ಳುತ್ತಿದ್ದ ಆ ಊರನ್ನು ಕಬ್ಬಿಣದ ಕಾರ್ಖಾನೆ ಬೆಳೆಸಿತು. 1923ರಲ್ಲಿ ಕುಲುಮೆ ಉರಿಯತೊಡಗಿದ ಮೇಲೆ ನಾನಾ ಭಾಷೆಯ, ನಾನಾ ದೇವರ ಒಕ್ಕಲಿನವರು ಬಂದು ಒಂದೇ ಪಾಳಿಯಲ್ಲಿ ಬೆವರು ಸುರಿಸಿದರು. ಊರಿನ ಕಾಗದದ ಕಾರ್ಖಾನೆ ನಿಂತುಹೋಯಿತು; 2023ರ ಜನವರಿಯಲ್ಲಿ ಆ ಕಬ್ಬಿಣ-ಉಕ್ಕಿನ ಕಾರ್ಖಾನೆಯನ್ನೂ ಮುಚ್ಚುವ ತೀರ್ಮಾನ ಹೊರಬಿದ್ದಾಗ ಕಾರ್ಮಿಕರು ಬೀದಿಗಿಳಿದರು. ಇಂಥ ಊರಿನ ಹುಡುಗರು ದುಡಿಮೆಗೆ ಬೆಂಗಳೂರಿನ ಬಸ್ಸು ಹತ್ತಿದರೆ ಜಾತ್ರೆಯಲ್ಲಿ ಡೊಳ್ಳು ಹೊರುವವರು ಯಾರು? ಸಾಗರ್ ಪುರಾಣಿಕ್ ನಿರ್ದೇಶನದ 'ಡೊಳ್ಳು' ಚಿತ್ರ ಹಿಡಿದದ್ದು ಈ ಸಂಕಟವನ್ನೇ. ಗಂಡಸರು ಊರು ಬಿಟ್ಟಾಗ ಹೆಣ್ಣುಮಕ್ಕಳು ಡೊಳ್ಳಿಗೆ ಹೆಗಲು ಕೊಡುವ ಈ ಕಥೆಗೆ 2022ರಲ್ಲಿ ಘೋಷಣೆಯಾದ 68ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಕನ್ನಡ ಚಿತ್ರದ ಗೌರವ ಸಿಕ್ಕಿತು. ಹೊರುವವರಿಲ್ಲದೆ ಗುಡಿಯ ಮೂಲೆಯಲ್ಲಿ ತೂಗುವ ಡೊಳ್ಳಿಗಿಂತ ಹುಡುಗಿಯ ಹೆಗಲ ಮೇಲಿನ ಡೊಳ್ಳು ಬೀರಪ್ಪನಿಗೆ ಹೆಚ್ಚು ಪ್ರಿಯವೆಂದು ನಂಬಲು ಇಷ್ಟು ಕಾರಣ ಸಾಕು.

ಹಾಗೆಂದು ಪರಂಪರೆಯ ಮನೆಗಳ ಅಳುಕಿಗೆ ಬೆಲೆಯಿಲ್ಲವೆಂದಲ್ಲ. ಕಷ್ಟದ ಕಾಲದಲ್ಲೂ ಕಲೆಯನ್ನು ಬದುಕಿಸಿಕೊಂಡವರು ಅವರು. ಸೇರಿದ ದಿನದಿಂದ ಹೊಸಬರಿಗೂ ಬಾಧ್ಯತೆ ಬರುತ್ತದೆ: ಯಾರಿಂದ ಕಲಿತೆವೆಂದು ಹೇಳುವುದು, ಪುರಾಣವನ್ನೂ ಡೊಳ್ಳಿನ ಪದವನ್ನೂ ಕೇಳಿ ತಿಳಿಯುವುದು, ಬೀರಪ್ಪನ ಗುಡಿಯ ಸೇವೆಗೆ ಕರೆದಾಗ ಸಂಭಾವನೆ ಕೇಳದೆ ಹೋಗಿ ಬಾರಿಸುವುದು.

ಬಾರಿಸುವ ಸಂದರ್ಭಗಳಿಗೆ ಕೊರತೆಯಿಲ್ಲ: ಶಿವಮೊಗ್ಗದ ಕೋಟೆ ಮಾರಿಕಾಂಬೆಯ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ, ದಸರೆ ಪ್ರತಿ ವರ್ಷವೂ ಇದ್ದೇ ಇದೆ. ಶಿವಮೊಗ್ಗ, ಭದ್ರಾವತಿಯ ಶಾಲೆ ಕಾಲೇಜುಗಳು ಬರೀ ಬ್ಯಾಂಡ್‌ಸೆಟ್ಟಿಗೆ ತೃಪ್ತಿಪಡದೆ ಹಳ್ಳಿಯ ಡೊಳ್ಳಿನ ಗುರುಗಳನ್ನು ತಕ್ಕ ಸಂಬಳ ಕೊಟ್ಟು ಕರೆತರಲಿ. ಸೇರಲು ಬಂದ ಮಕ್ಕಳನ್ನು ಯಾರ ಒಕ್ಕಲೆಂದು ಕೇಳದೆ ಸೇರಿಸಿಕೊಳ್ಳಲಿ.