ಇಂಗುಹೊಂಡದ ಕಳೆ



ವರ್ಷಾವಾಸದ ಓದಿನಲ್ಲಿ ಈ ವಾರ ವಸಲ ಸುತ್ತ ಬಂತು. ಭಿಕ್ಷೆಗೆ ಬಂದ ತಥಾಗತರನ್ನು ಒಬ್ಬ ಬ್ರಾಹ್ಮಣ ಹೀನ ಎಂದು ಜರೆದು ದೂರ ನಿಲ್ಲಿಸುತ್ತಾನೆ. ಹುಟ್ಟಿನಿಂದ ಯಾರೂ ಹೀನರಾಗುವುದಿಲ್ಲ, ಕರ್ಮದಿಂದ ಆಗುತ್ತಾರೆ ಎಂದು ಅವರು ತಿಳಿಹೇಳುತ್ತಾರೆ. ನಮ್ಮ ಬಳಗದ ಒಬ್ಬ ತಂಗಿ ಕೇಳಿದರು: "ಹಾಗಾದರೆ ಚರಂಡಿ ಕೆಲಸ ಮಾಡುವವರ ಗತಿ ಏನು?"

ಆ ಪ್ರಶ್ನೆ ತಲೆಯಲ್ಲಿರುವಾಗಲೇ ಮಳೆನೀರಿನ ಇಂಗುಹೊಂಡಗಳ ಬಗ್ಗೆ ಓದುತ್ತಿದ್ದೆ. ರಸ್ತೆ, ಚಾವಣಿಗಳ ಮೇಲೆ ಬಿದ್ದ ಮಳೆಯನ್ನು ಅಗಲವಾದ ಹೊಂಡಕ್ಕೆ ಬಿಟ್ಟು ಎರಡು ಮೂರು ದಿನದಲ್ಲಿ ನೆಲಕ್ಕೆ ಇಳಿಸುವ ವ್ಯವಸ್ಥೆ ಅದು. ಆದರೆ ನೀರಿನ ಜೊತೆ ನುಣುಪು ಹೂಳು, ಎಣ್ಣೆ, ಟೈರಿನ ಪುಡಿ ಎಲ್ಲ ಬರುತ್ತವೆ. ಕೆಲವು ವರ್ಷಗಳಲ್ಲಿ ತಳದ ಮೇಲೆ ಪದರ ಕಟ್ಟಿ ನೀರು ಇಂಗುವುದು ನಿಧಾನವಾಗುತ್ತದೆ.

ಫ್ರಾನ್ಸಿನ ಲಿಯೋನ್ ಬಳಿ ಶಾಸ್ಸಿಯು ಎಂಬಲ್ಲಿ ಇಂಥ ಒಂದು ದೊಡ್ಡ ಹೊಂಡವಿದೆ. ಅಲ್ಲಿ ಯಾರೂ ನೆಡದ ಗಿಡಗಳು ತಾವಾಗಿ ಬೆಳೆದವು. ನಾವಾದರೆ ಕಳೆ ಎಂದು ಕಿತ್ತು ಎಸೆಯುತ್ತಿದ್ದೆವು. ಸಂಶೋಧಕರು ಅಳೆದು ನೋಡಿದರೆ, ಬೋಳು ನೆಲಕ್ಕಿಂತ ಆ ಗಿಡಗಳಿದ್ದ ಜಾಗದಲ್ಲೇ ನೀರು ಚೆನ್ನಾಗಿ ಇಳಿಯುತ್ತಿತ್ತು. ಬೇರು ಹೂಳನ್ನು ಸೀಳುತ್ತದೆ; ಬೇರು ಸತ್ತ ಮೇಲೂ ಅದರ ದಾರಿ ಉಳಿಯುತ್ತದೆ. ಎಲ್ಲ ಗಿಡಗಳೂ ಹೀಗೆ ಮಾಡುವುದಿಲ್ಲ ಅನ್ನಿ. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ನಡೆದ ಪ್ರಯೋಗದಲ್ಲಿ ದಪ್ಪ ಬೇರಿನ ಮೆಲಲೂಕ ಚೆನ್ನಾಗಿ ದಾರಿ ಬಿಟ್ಟುಕೊಟ್ಟಿತು, ಬೇರೆ ಕೆಲವು ಗಿಡಗಳಿಂದ ಅದು ಆಗಲಿಲ್ಲ.

ಓದಿದಾಗ ಖುಷಿಯಾಯಿತು. ನೋಡಿ, ಕಳೆ ಎನಿಸಿಕೊಂಡದ್ದು ತನ್ನ ಕೆಲಸದಿಂದ ಬೆಲೆ ಪಡೆಯಿತು ಎಂದು ಬರೆದುಬಿಡಬಹುದಿತ್ತು. ಆದರೆ ಆ ಮಾತು ನನಗೆ ಒಗ್ಗಲಿಲ್ಲ. ಕೊಳೆ ತೆಗೆದದ್ದಕ್ಕೆ ಬೆಲೆ ಎನ್ನುವ ಲೆಕ್ಕ ನಮಗೆ ಹೊಸದಲ್ಲ. ಕಸ ಬಳಿಯುವುದು ಪವಿತ್ರ ಸೇವೆ ಎಂದು ಹೊಗಳಿ, ಅದನ್ನೇ ಮಾಡಿಕೊಂಡಿರಿ ಎನ್ನುವುದು ವಂಚನೆ ಎಂದು ಬಾಬಾಸಾಹೇಬರು 1945ರಲ್ಲೇ ಕಾಂಗ್ರೆಸ್ ಮತ್ತು ಗಾಂಧಿಯವರ ಕುರಿತ ಪುಸ್ತಕದಲ್ಲಿ ಕಟುವಾಗಿ ಬರೆದರು. ವಸಲ ಸುತ್ತ ಪಟ್ಟಿ ಮಾಡುವ ಕರ್ಮಗಳನ್ನು ಇನ್ನೊಮ್ಮೆ ಓದಿ: ಕಳ್ಳತನ, ಮೋಸ, ಸಾಲ ಪಡೆದು ಇಲ್ಲವೆನ್ನುವುದು, ಮುದಿ ತಂದೆತಾಯಿಯನ್ನು ಕೈಬಿಡುವುದು. ಕರ್ಮ ಎಂದರೆ ಅಲ್ಲಿ ನಡತೆ, ಕಸುಬಲ್ಲ. ಚರಂಡಿಗೆ ಇಳಿದವನು ಅದರಿಂದ ಹೀನನೂ ಆಗುವುದಿಲ್ಲ, ಪುಣ್ಯವಂತನೂ ಆಗುವುದಿಲ್ಲ. ಇಳಿಸಿದವನ ನಡತೆಯನ್ನು ಮಾತ್ರ ಸುತ್ತದ ಮುಂದೆ ಇಟ್ಟು ನೋಡಬೇಕಾಗುತ್ತದೆ.

ಗಿಡವನ್ನು ಬೇಕಾದಷ್ಟು ಹೊಗಳೋಣ, ಅದಕ್ಕೆ ಅವಮಾನವಿಲ್ಲ, ಅದರ ಮಕ್ಕಳಿಗೆ ಬೇರೆ ಶಾಲೆ ಬೇಕಿಲ್ಲ. ಆದರೆ ಗಿಡ ಕೊಳೆಯನ್ನು ಮಾಯ ಮಾಡುವುದಿಲ್ಲ. ಸೀಸ, ಸತುಗಳಲ್ಲಿ ಅದು ಹೀರುವುದು ಸ್ವಲ್ಪ, ಹೆಚ್ಚಿನದು ಮೇಲ್ಮಣ್ಣಿನಲ್ಲೇ ಉಳಿಯುತ್ತದೆ. ಒಂದು ದಿನ ಆ ಮಣ್ಣನ್ನು ಎತ್ತಲೇಬೇಕು. ಹೊಂಡಕ್ಕೆ ನೀರು ಬರುವ ಬಾಯಲ್ಲೇ ಹೂಳುಗುಂಡಿ ಮಾಡಿ ಯಂತ್ರ ಹೋಗಲು ದಾರಿ ಬಿಟ್ಟಿದ್ದಾರೋ, ಮನುಷ್ಯನೇ ಇಳಿಯಬೇಕೋ ಎನ್ನುವುದು ನಕ್ಷೆ ಬರೆಯುವ ದಿನವೇ ತೀರ್ಮಾನವಾಗಿರುತ್ತದೆ. ಬೆಂಗಳೂರಿನ ರಾಜಕಾಲುವೆಗಳನ್ನೇ ನೋಡಿ: ಮಳೆನೀರಿಗೆಂದು ಇರುವುದರಲ್ಲಿ ಮಲದ ನೀರು ಹರಿಯುತ್ತದೆ. ಮಳೆಯ ಹೂಳೆತ್ತಲು ಇಳಿದವನು ಅದರಲ್ಲಿ ನಿಲ್ಲುತ್ತಾನೆ. ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ ಸುಪ್ರೀಂ ಕೋರ್ಟ್ 2014ರಲ್ಲಿ 10 ಲಕ್ಷ ಎಂದಿತು, 2023ರಲ್ಲಿ 30 ಲಕ್ಷ ಎಂದಿತು. ಮೊತ್ತ ಏರಿತು, ಇಳಿಯುವುದು ನಿಂತಿಲ್ಲ.

ನಿಮ್ಮ ಬಡಾವಣೆಯಲ್ಲೋ ಕೆಲಸದ ಜಾಗದಲ್ಲೋ ಇಂಗುಹೊಂಡ, ಇಂಗುಗುಂಡಿ ಇದ್ದರೆ ಹೋಗಿ ನೋಡಿ. ಏನು ಬೆಳೆದಿದೆ, ಹೂಳನ್ನು ಯಾರು ಎತ್ತುತ್ತಾರೆ, ಕೈಯಲ್ಲೋ ಯಂತ್ರದಲ್ಲೋ, ದಿನಗೂಲಿ ಎಷ್ಟು, ಕೈಗವಸು ಕೊಡುತ್ತಾರಾ, ಕೇಳಿ ಬರೆದುಕೊಳ್ಳಿ. ಭಾನುವಾರದ ಓದಿನಲ್ಲಿ ತಂಗಿಯ ಪ್ರಶ್ನೆಯನ್ನು ಅಲ್ಲಿಂದ ಮುಂದುವರಿಸೋಣ.

ಜೈ ಭೀಮ್.