ಬೆಟ್ಟದ ತುದಿಯ ಕಾವಲುಮನೆ

(ಯೆಹೆಜ್ಕೇಲನ ಪುಸ್ತಕದ 33ನೆಯ ಅಧ್ಯಾಯವನ್ನು ಮೊದಲು ಓದಿಕೊಳ್ಳತಕ್ಕದ್ದು.)

ಬೆಳೆದು ನಿಂತ ಹೊಲಕ್ಕೆ ಹಂದಿ ಬೀಳುವ ಕಾಲದಲ್ಲಿ ಅಟ್ಟಣೆಯ ಮೇಲೆ ರಾತ್ರಿ ಕಳೆದವರು ನಮ್ಮ ಹಳ್ಳಿಯ ಸಭೆಗಳಲ್ಲಿ ಅನೇಕರಿರುವರು. ಕತ್ತಿ ಬರುವದನ್ನು ಕಂಡೂ ಕೊಂಬೂದದೆ ಸುಮ್ಮನಿದ್ದ ಕಾವಲುಗಾರನ ವಿಷಯವಾಗಿ ಪ್ರವಾದಿಯು ಹೇಳಿದ ಸಂಗತಿಯನ್ನು ಅಂಥವರಿಗೆ ಬಿಡಿಸಿ ಹೇಳುವ ಅಗತ್ಯವಿಲ್ಲ. ಇದ್ದಾಗ್ಯೂ ಅಮೆರಿಕ ದೇಶದ ಪಡುವಣ ಬೆಟ್ಟಗಳಲ್ಲಿ ಮತ್ತೊಂದು ಬಗೆಯ ಅಟ್ಟಣೆಯುಂಟು. ಅದು ಬೆಳೆಯನ್ನಲ್ಲ, ಕಾಡನ್ನು ಕಾಯುವದಕ್ಕಾಗಿ ಕಟ್ಟಿದ್ದು. ಕಾಯುವದು ಮೃಗಗಳಿಂದಲ್ಲ, ಬೆಂಕಿಯಿಂದ. ಅಂಥ ಮನೆಯಲ್ಲಿ ಒಂದು ರಾತ್ರಿ ತಂಗುವವನಿಗೆ ಈ ಅಧ್ಯಾಯವು ಯಾವ ರೀತಿಯಲ್ಲಿ ತೆರೆದುಕೊಳ್ಳುವದೆಂಬದನ್ನು ಈ ತಿಂಗಳು ಸ್ವಲ್ಪ ವಿಚಾರಿಸೋಣ.

ಈ ಮನೆಗಳು ಸುಮ್ಮಸುಮ್ಮನೆ ಹುಟ್ಟಲಿಲ್ಲ. 1910ನೆಯ ಇಸವಿಯ ಬೇಸಿಗೆಯಲ್ಲಿ ಐಡಹೋ, ಮೊಂಟಾನಾ ಎಂಬ ಸಂಸ್ಥಾನಗಳ ಕಾಡುಗಳಲ್ಲಿ ಸಣ್ಣ ಸಣ್ಣ ಬೆಂಕಿಗಳು ಅಲ್ಲಲ್ಲಿ ಹೊಗೆಯಾಡುತ್ತಲೇ ಇದ್ದವು. ಆಗಸ್ಟ್ 20ನೆಯ ತಾರೀಖು ಬಿರುಗಾಳಿಯೆದ್ದಿತು. ಬಿಡಿಬಿಡಿಯಾಗಿದ್ದ ಬೆಂಕಿಗಳೆಲ್ಲಾ ಕೂಡಿಕೊಂಡು, ಎರಡು ದಿನಗಳೊಳಗೆ ಸುಮಾರು 30 ಲಕ್ಷ ಎಕರೆ ಕಾಡು ಸುಟ್ಟುಹೋಯಿತು. 80ಕ್ಕಿಂತ ಹೆಚ್ಚು ಮಂದಿ ಸತ್ತರು, ಅವರಲ್ಲಿ ಬಹುಮಂದಿ ಬೆಂಕಿಯನ್ನು ಆರಿಸಲು ಹೋದ ಕೂಲಿಯಾಳುಗಳೇ. ಗಾಳಿ ಏಳುವದಕ್ಕೆ ಮುಂಚೆ ಆ ಬೆಂಕಿಗಳಲ್ಲಿ ಹಲವು ಚಿಕ್ಕವೇ ಆಗಿದ್ದವು. ಈ ದುಃಖವನ್ನು ಅನುಭವಿಸಿದ ಮೇಲೆ ಅಲ್ಲಿಯ ಅರಣ್ಯ ಇಲಾಖೆಯವರು ಬೆಟ್ಟದ ತುದಿಗಳಲ್ಲಿ ಕಾವಲುಮನೆಗಳನ್ನು ಹೆಚ್ಚು ಹೆಚ್ಚಾಗಿ ಕಟ್ಟಿಸತೊಡಗಿದರು. 1933ರಿಂದ 1942ರ ವರೆಗೆ, ಕೆಲಸವಿಲ್ಲದ ಯೌವನಸ್ಥರಿಗೆ ಸರಕಾರವು ಕೂಲಿ ಕೊಟ್ಟು ಕಾಡಿನ ಕೆಲಸಕ್ಕೆ ಹಚ್ಚಿದಾಗ, ಅವರ ಕೈಗಳಿಂದ ಇನ್ನೂ ಅನೇಕ ಮನೆಗಳು ಎದ್ದವು.

ಈಗ ಆಕಾಶದಿಂದ ನೋಡುವ ವಿಮಾನಗಳೂ ಉಪಗ್ರಹಗಳೂ, ಕಂಬದ ಮೇಲೆ ನಿಂತು ಕಣ್ಣು ಮಿಟುಕಿಸದೆ ನೋಡುವ ಕ್ಯಾಮೆರಾಗಳೂ ಬಂದಿರುವದರಿಂದ ಆ ಮನೆಗಳಲ್ಲಿ ಬಹಳ ಕಡೆ ಕಾವಲುಗಾರನಿಲ್ಲ. ಎಷ್ಟೋ ಮನೆಗಳು ಬಿದ್ದುಹೋದವು. ಕೆಲವು ಮನೆಗಳಲ್ಲಿ ಈ ಹೊತ್ತಿಗೂ ಬೇಸಿಗೆಯಲ್ಲಿ ಮನುಷ್ಯರೇ ಕೂತು ಕಾಯುವರು. ಇನ್ನು ಕೆಲವನ್ನು ಇಲಾಖೆಯವರು ಅಲ್ಪ ಬಾಡಿಗೆಗೆ ಪ್ರಯಾಣಿಕರ ರಾತ್ರಿಯ ತಂಗುವಿಕೆಗಾಗಿ ಕೊಡುವರು.

ಅಲ್ಲಿಗೆ ಹೋಗತಕ್ಕವನು ಸುಖವನ್ನು ಹುಡುಕಿಕೊಂಡು ಹೋಗಬಾರದು. ಹಲವು ಮನೆಗಳಿಗೆ ಕುಡಿಯುವ ನೀರನ್ನು ಬೆನ್ನ ಮೇಲೆ ಹೊತ್ತೇ ಹತ್ತಬೇಕು; ಹಾಸಿಗೆ, ಆಹಾರ, ದೀಪ, ಎಲ್ಲವನ್ನೂ ತಾನೇ ತರಬೇಕು; ಉಂಡು ಉಳಿದ ಕಸವನ್ನೂ ತಾನೇ ಕೆಳಗೆ ಒಯ್ಯಬೇಕು. ಮರದ ಉದ್ದ ಕಂಬಗಳ ಮೇಲೆ ನಿಂತಿರುವ ಮನೆಯಾದರೆ ಕಡಿದಾದ ಮೆಟ್ಟಲುಗಳನ್ನೇರಿ, ಬಾಗಲಲ್ಲಿ ಏದುಸಿರು ಬಿಡುತ್ತಾ ನಿಲ್ಲುವನು. ಒಳಗೆ ಒಂದೇ ಕೋಣೆ. ಅವುಗಳಲ್ಲಿ ಸಾಧಾರಣವಾದ ಒಂದು ಮಾದರಿಯು ಉದ್ದ 14 ಅಡಿ, ಅಗಲ 14 ಅಡಿ. ನಾಲ್ಕು ಕಡೆಗೂ ಗಾಜಿನ ಕಿಟಕಿಗಳೇ. ಮಂಚ, ಮೇಜು, ಒಲೆ, ಪೆಟ್ಟಿಗೆ ಇವೆಲ್ಲವನ್ನೂ ಕಿಟಕಿಯ ಅಂಚಿಗಿಂತ ತಗ್ಗಾಗಿಯೇ ಇಟ್ಟಿರುವರು; ಯಾಕಂದರೆ ನೋಟಕ್ಕೆ ಅಡ್ಡವಾಗುವ ಯಾವದೂ ಆ ಮನೆಯಲ್ಲಿರಕೂಡದು. ನಮ್ಮ ಮನೆಗಳಲ್ಲಿ ಸಾಮಾನು ಹೆಚ್ಚಾದಂತೆಲ್ಲಾ ಕಿಟಕಿಗಳು ಮುಚ್ಚಿಹೋಗುವದನ್ನು ನೋಡಿದರೆ, ಆ ಬಡ ಕೋಣೆಯನ್ನು ಕಟ್ಟಿದ ಬಡಗಿಯು ಬುದ್ಧಿವಂತನೆನ್ನಬೇಕಾಗುವದು.

ಸೂರ್ಯನು ಇಳಿಯುವನು. ಬೆಟ್ಟಗಳ ಸಾಲುಗಳು ಒಂದರ ಹಿಂದೆ ಒಂದಾಗಿ ನೀಲಿಯಾಗುವವು. ಪ್ರಯಾಣಿಕನು ಅಭ್ಯಾಸಬಲದಿಂದ ಮೊದಲು ಮಾಡುವದೇನೆಂದರೆ, ದೀಪವನ್ನು ಹಚ್ಚುವದೇ. ಹಚ್ಚಿದ ಕೂಡಲೆ ಏನಾಗುವದು? ನಾಲ್ಕು ಕಡೆಯ ಗಾಜುಗಳೂ ಕನ್ನಡಿಗಳಾಗಿಬಿಡುವವು. ಮೂಡಣಕ್ಕೆ ತಿರುಗಿದರೆ ತನ್ನ ಮುಖ. ಪಡುವಣಕ್ಕೆ ತಿರುಗಿದರೂ ತನ್ನದೇ ಮುಖ. ಹೊರಗೆ ನೂರು ಮೈಲಿನ ಕಾಡಿದ್ದರೂ ಅವನಿಗೆ ಕಾಣುವದು ತನ್ನ ಕೋಣೆ, ತನ್ನ ಊಟ, ತನ್ನ ಹಾಸಿಗೆ. ಆ ದೀಪವನ್ನು ಆರಿಸಿ, ಕಣ್ಣು ಕತ್ತಲೆಗೆ ಹೊಂದಿಕೊಳ್ಳುವ ತನಕ ಸುಮ್ಮನೆ ಕೂತರೆ ಮಾತ್ರವೇ ದೂರದ ಕಣಿವೆಯ ಒಂದು ಕೆಂಪು ಚುಕ್ಕೆಯು ಕಾಣಿಸೀತು. ಪ್ರಿಯರೇ, ನಮ್ಮ ಪ್ರಾರ್ಥನೆಗಳಲ್ಲಿಯೂ ಹೀಗಾಗುವದುಂಟಲ್ಲವೇ? ದೇವರ ಮುಂದೆ ಕೂತೆವೆಂದು ಎಣಿಸಿಕೊಂಡು, ನಮ್ಮ ಸಾಲ, ನಮ್ಮ ಹಸು, ನಮ್ಮ ಮಗನ ಕೆಲಸ, ಇವುಗಳನ್ನೇ ನಾಲ್ಕು ಗೋಡೆಗಳಲ್ಲಿಯೂ ನೋಡಿ ಏಳುವೆವು. ಅವುಗಳನ್ನು ಹೇಳಕೂಡದೆಂದಲ್ಲ, ಹೇಳತಕ್ಕದ್ದೇ. ಆದರೆ ಪಕ್ಕದ ಮನೆಯವನ ಹೊಗೆಯು ನಮಗೆ ಒಂದು ವರುಷವೆಲ್ಲಾ ಕಾಣದಿದ್ದರೆ, ಅದು ಅಲ್ಲಿಲ್ಲವೆಂತಲ್ಲ, ನಮ್ಮ ದೀಪವೇ ಹೆಚ್ಚಾಯಿತೆಂದು ತಿಳಿಯಬೇಕು. ಕೀರ್ತನಕಾರನು ಬೆಳಗನ್ನು ಎದುರು ನೋಡುವ ಕಾವಲುಗಾರರಿಗೆ ತನ್ನನ್ನು ಹೋಲಿಸಿಕೊಂಡದ್ದು ಕತ್ತಲೆಯಲ್ಲಿ ಕೂತೇ ಹೊರತು ಬೆಳಕಿನ ಕೋಣೆಯಲ್ಲಲ್ಲ.

ಕೋಣೆಯ ನಡುವೆ ಒಂದು ಉಪಕರಣವಿರುವದು. ಅದನ್ನು ಆಸ್ಬರ್ನ್ ಎಂಬ ಅರಣ್ಯ ಇಲಾಖೆಯ ನೌಕರನು 1911ರ ಸುಮಾರಿಗೆ ಕಲ್ಪಿಸಿದನು. ಗುಂಡಾದ ನಕ್ಷೆ, ಅದರ ನಟ್ಟನಡುವೆ ಆ ಕಾವಲುಮನೆಯೇ ಗುರುತಾಗಿದೆ, ಸುತ್ತಲೂ 360 ಅಂಶಗಳನ್ನು ಕೊರೆದ ಉಂಗುರ. ಒಂದು ಕಡೆ ಸಣ್ಣ ಸೀಳು, ಎದುರು ಕಡೆ ನೆಟ್ಟಗೆ ಬಿಗಿದ ಕುದುರೆಯ ಕೂದಲು. ಸೀಳಿನಲ್ಲಿ ಕಣ್ಣಿಟ್ಟು, ಕೂದಲು ಹೊಗೆಯ ಬುಡಕ್ಕೆ ಸರಿಯಾಗಿ ತಗಲುವಂತೆ ತಿರುಗಿಸಿದರೆ, ಬೆಂಕಿಯು ಯಾವ ದಿಕ್ಕಿಗಿದೆಯೆಂದು ಅಂಶಗಳಲ್ಲಿ ತಿಳಿಯುವದು. ದಿಕ್ಕು ತಿಳಿಯುವದು, ಆದರೆ ದೂರವು ನಿಶ್ಚಯವಾಗಿ ತಿಳಿಯದು! ಮೊದಲ ಬೆನ್ನಿನ ಈಚೆಯೋ ಮೂರನೆಯ ಬೆನ್ನಿನ ಆಚೆಯೋ ಎಂದು ಒಬ್ಬನ ಕಣ್ಣಿಗೆ ಅನೇಕ ವೇಳೆ ಹೇಳಲಾಗದು. ಆಗ ಅವನು ಮತ್ತೊಂದು ಬೆಟ್ಟದ ಕಾವಲುಗಾರನನ್ನು ಕೇಳುವನು. ಅವನೂ ತನ್ನ ಸ್ಥಳದಿಂದ ನೋಡಿ ತನ್ನ ಅಂಶವನ್ನು ಹೇಳುವನು. ಎರಡು ಗೆರೆಗಳು ನಕ್ಷೆಯಲ್ಲಿ ಎಲ್ಲಿ ಒಂದನ್ನೊಂದು ಕೊಯ್ಯುವವೋ ಅಲ್ಲಿಯೇ ಬೆಂಕಿ.

ಇದರಲ್ಲಿ ಸ್ವಲ್ಪ ನಿಲ್ಲೋಣ. ಸಭೆಯಲ್ಲಿ ಒಬ್ಬ ಸಹೋದರನು ಕುಡಿತಕ್ಕೆ ಬಿದ್ದನೆಂದೋ, ಒಬ್ಬ ಸಹೋದರಿಯು ಮನೆಯಲ್ಲಿ ಪೆಟ್ಟು ತಿನ್ನುತ್ತಿರುವಳೆಂದೋ ನಮ್ಮಲ್ಲೊಬ್ಬನಿಗೆ ಕಂಡುಬರುವದು. ಕಂಡವನು ತನಗೆ ಎಲ್ಲವೂ ತಿಳಿಯಿತೆಂದು ನೆನಸಿ ಓಡಿದರೆ, ತಪ್ಪು ಕಣಿವೆಯಲ್ಲಿ ನೀರು ಸುರಿದು ಬರುವನು. ತನಗೆ ಪೂರ್ತಿ ತಿಳಿಯದೆಂದು ಸುಮ್ಮನಿದ್ದರೆ, ಪ್ರವಾದಿಯ ಕಾವಲುಗಾರನ ಪಾಪಕ್ಕೆ ಗುರಿಯಾಗುವನು. ಬೆಟ್ಟದವರ ರೀತಿ ಇವೆರಡಕ್ಕಿಂತಲೂ ಒಳ್ಳೇದು: ತಾನು ನಿಂತಲ್ಲಿಂದ ಕಂಡದ್ದನ್ನು ಇದ್ದ ಹಾಗೆಯೇ ಹೇಳುವದು, ಮತ್ತು ಬೇರೊಂದು ಕಡೆಯಿಂದ ನೋಡುವವನನ್ನು ಕೇಳುವದು. ಮತ್ತೂ ಗಮನಿಸಿರಿ. ಕಾವಲುಗಾರನು ಸುದ್ದಿ ಕೊಡುವಾಗ ದಿಕ್ಕನ್ನೂ ಹೊಗೆಯ ಬಣ್ಣವನ್ನೂ ಅದು ಯಾವ ಕಡೆಗೆ ಬಾಗುವದೆಂಬದನ್ನೂ ಹೇಳುವನು. ಬೆಂಕಿಯನ್ನು ಹಚ್ಚಿದವನ ಕುಲಗೋತ್ರವನ್ನು ಹೇಳುವದಕ್ಕೆ ಅವನನ್ನು ಅಲ್ಲಿ ಇಟ್ಟಿಲ್ಲ. ನಮ್ಮ ಬಾವಿಕಟ್ಟೆಯ ಮಾತುಗಳಲ್ಲಿ ಸುದ್ದಿಯು ಅರ್ಧ ಗಳಿಗೆಯೂ ಇರುವದಿಲ್ಲ, ಕುಲಗೋತ್ರವೇ ದಿನವೆಲ್ಲಾ ನಡೆಯುವದು.

ಸುಳ್ಳು ಕೂಗಾದೀತೆಂಬ ಭಯವೂ ಒಂದುಂಟು. ಮಳೆ ನಿಂತ ಮೇಲೆ ಕಣಿವೆಗಳಿಂದ ಮಂಜಿನ ಎಳೆಗಳು ಹೊಗೆಯಂತೆಯೇ ಏಳುವವು. ಹೊಸಬನು ಅವುಗಳನ್ನು ಕಂಡು ಗಾಬರಿಪಡುವನು. ಹಳಬನು ಸ್ವಲ್ಪ ಹೊತ್ತು ಕಾದು ನೋಡುವನು. ಮಂಜು ಅಲೆದಾಡಿ ಕರಗಿಹೋಗುವದು, ಹೊಗೆಗಾದರೋ ಬುಡವಿರುವದು. ಇನ್ನು ಇದಕ್ಕೆ ವಿರೋಧವಾದ ಸಂಗತಿಯೂ ಉಂಟು. ಸಿಡಿಲು ಬಡಿದ ಮರವು ಹೊರಗೆ ಏನೂ ತೋರದೆ ಒಳಗೊಳಗೇ ಕೆಂಡವನ್ನಿಟ್ಟುಕೊಂಡು, ಕೆಲವು ದಿನಗಳಾದ ಮೇಲೆ ಬಿಸಿಲು ಗಾಳಿ ಬಂದಾಗ ಉರಿದೇಳುವದು. ಆದಕಾರಣ ಕಾವಲುಗಾರನು ಸಿಡಿಲು ಬಿದ್ದ ಸ್ಥಳಗಳನ್ನು ಗುರುತಿಟ್ಟುಕೊಂಡು, ಆಕಾಶವು ತಿಳಿಯಾದ ಬಳಿಕವೂ ಅದೇ ಸ್ಥಳಗಳನ್ನು ಮತ್ತೆ ಮತ್ತೆ ನೋಡುವನು. ಮನೆಯಲ್ಲಿ ಸಾವಾದ ದಿನ ನಾವೆಲ್ಲರೂ ಕೂಡಿ ಬರುತ್ತೇವೆ. ಹದಿನೈದು ದಿನಗಳಾದ ಮೇಲೆ ಆ ವಿಧವೆಯ ಬಾಗಲಿಗೆ ಹೋಗುವವರು ಎಷ್ಟು ಮಂದಿ?

ಸಿಡಿಲಿನ ಮಾತು ಬಂದದ್ದರಿಂದ ಇನ್ನೊಂದನ್ನು ಹೇಳಿಬಿಡುವೆನು. ಆ ಮನೆಗಳು ಬೆಟ್ಟದ ತುದಿಯಲ್ಲಿರುವದರಿಂದ ಸಿಡಿಲು ಅವುಗಳಿಗೇ ಬಡಿಯುವದು. ಮಾಡಿನಿಂದ ನೆಲದ ವರೆಗೆ ತಾಮ್ರದ ತಂತಿಗಳನ್ನು ಇಳಿಬಿಟ್ಟಿರುವರು. ಒಳಗೆ, ಕಾಲುಗಳಿಗೆ ಗಾಜಿನ ಗುಬಟೆಗಳನ್ನು ತೊಡಿಸಿದ ಒಂದು ಮಣೆಯಿರುವದು. ಗುಡುಗಿನ ಹೊತ್ತಿನಲ್ಲಿ ಲೋಹವನ್ನು ಮುಟ್ಟದೆ ಕಾವಲುಗಾರನು ಅದರ ಮೇಲೆ ಇದ್ದುಕೊಂಡು, ಎಲ್ಲೆಲ್ಲಿ ಸಿಡಿಲು ಇಳಿಯಿತೆಂದು ಎಣಿಸುತ್ತಿರುವನು. ಮಿಕ್ಕವರು ಕಣ್ಣುಮುಚ್ಚುವ ಗಳಿಗೆಯಲ್ಲಿಯೇ ಅವನು ಕಣ್ಣು ತೆರೆದಿರಬೇಕು.

ಇಂಥ ಕೆಲಸವು ಹೆಂಗಸರಿಂದಾಗದೆಂದು ಮೊದಲಿಗೆ ಹೇಳಿದವರಿದ್ದರು. 1913ರಲ್ಲಿ ಕ್ಯಾಲಿಫೋರ್ನಿಯಾದ ಕ್ಲಾಮತ್ ಅರಣ್ಯದಲ್ಲಿ ಹ್ಯಾಲಿ ಡ್ಯಾಗೆಟ್ ಎಂಬ ಸ್ತ್ರೀಯನ್ನು ಎಡ್ಡಿ ಗಲ್ಚ್ ಎಂಬ ಕಾವಲುಮನೆಗೆ ನೇಮಿಸಿದಾಗ, ಕೆಲವು ದಿನಗಳೊಳಗೆ ಹೆದರಿ ಇಳಿದುಬರುವಳೆಂದು ಅನೇಕರು ಎಣಿಸಿದರು. ಅವಳು 15 ಬೇಸಿಗೆಗಳು ಅಲ್ಲಿಯೇ ಕಾದಳು. ಮೊದಲನೆಯ ವರುಷದಲ್ಲಿ ಅವಳು ಸುಮಾರು 40 ಬೆಂಕಿಗಳ ಸುದ್ದಿ ಕೊಟ್ಟಳು. ಸುಟ್ಟುಹೋದ ನೆಲವೆಲ್ಲಾ ಸೇರಿ 5 ಎಕರೆಯೂ ಆಗಲಿಲ್ಲ. ಅವಳ ಸಹೋದರಿಯು ಬೆಟ್ಟವನ್ನೇರಿ ಆಹಾರವನ್ನೂ ಕಾಗದಗಳನ್ನೂ ತಂದುಕೊಡುತ್ತಿದ್ದಳು. ಈ ಸಹೋದರಿಯನ್ನೂ ನಾವು ಮರೆಯಬಾರದು.

ಆದರೆ ಕಾವಲುಗಾರರ ಜಾಗರೂಕತೆಯಿಂದಲೂ ಒಂದು ಕೇಡು ಬಂತೆಂದು ಸತ್ಯಕ್ಕಾಗಿ ಹೇಳಬೇಕಾಗಿದೆ. 1935ರಲ್ಲಿ ಆ ಇಲಾಖೆಯವರು, ಎಲ್ಲಿ ಬೆಂಕಿ ಕಂಡರೂ ಮರುದಿನ ಬೆಳಗಿನ 10 ಗಂಟೆಯೊಳಗೆ ಅದನ್ನು ಹತೋಟಿಗೆ ತರತಕ್ಕದ್ದೆಂದು ನಿಯಮ ಮಾಡಿದರು. ಕೇಳುವದಕ್ಕೆ ಇದು ಎಷ್ಟೋ ಒಳ್ಳೇದು. ಆದರೆ ಆ ಕಾಡುಗಳಲ್ಲಿ ಕೆಲವು ಜಾತಿಯವು, ನೆಲದ ತರಗೆಲೆಯನ್ನೂ ಪೊದೆಯನ್ನೂ ಮಾತ್ರ ಸುಟ್ಟುಹೋಗುವ ಸಣ್ಣ ಬೆಂಕಿಗೆ ತಲತಲಾಂತರದಿಂದ ಒಗ್ಗಿಕೊಂಡವುಗಳಾಗಿದ್ದವು. ಅಲ್ಲಿಯ ಮೂಲನಿವಾಸಿಗಳು ತಕ್ಕ ಕಾಲವನ್ನು ನೋಡಿ ತಾವೇ ಅಂಥ ಬೆಂಕಿಯನ್ನು ಹಚ್ಚುತ್ತಿದ್ದರು. ಸಣ್ಣ ಬೆಂಕಿಗಳನ್ನೆಲ್ಲಾ ಆರಿಸಿದ್ದರಿಂದ ಕಾಡಿನ ಅಡಿಯಲ್ಲಿ ಸೌದೆಯು ರಾಶಿರಾಶಿಯಾಗಿ ಕೂಡಿಬಿತ್ತು. ಕಡೆಗೆ ಹತ್ತಿದ ಬೆಂಕಿಯು ಮರಗಳ ತುದಿಗೇ ಏರಿತು. 1978ರಲ್ಲಿ ಆ ನಿಯಮವನ್ನು ಬಿಟ್ಟರು. ಸಭೆಯ ಹಿರಿಯರು ಇದನ್ನು ಯೋಚಿಸಲಿ. ಚಿಕ್ಕ ಭಿನ್ನಾಭಿಪ್ರಾಯವೊಂದು ಕೂಟದಲ್ಲಿ ಎದ್ದ ಕೂಡಲೆ, ಸಮಾಧಾನ ಸಮಾಧಾನ ಎಂದು ಬಾಯಿಮುಚ್ಚಿಸಿ, ಪ್ರಾರ್ಥನೆ ಮಾಡಿ ಕಳುಹಿಸುವ ಪದ್ಧತಿಯೊಂದುಂಟು. ಆ ಸಾಯಂಕಾಲ ಹೊಗೆ ಕಾಣುವದಿಲ್ಲ, ನಿಜ. ಸೌದೆ ಎಲ್ಲಿ ಹೋಯಿತು?

ಕಡೆಯದಾಗಿ ಒಂದು ಸಂಗತಿ. ಎರಡನೆಯ ಮಹಾಯುದ್ಧದಲ್ಲಿ ಆ ಕಾವಲುಮನೆಗಳಲ್ಲಿ ಅನೇಕವು ಬೆಂಕಿಯನ್ನಲ್ಲದೆ ವೈರಿಯ ವಿಮಾನಗಳನ್ನೂ ನೋಡುವದಕ್ಕಾಗಿ ನೇಮಿಸಲ್ಪಟ್ಟವು. 1942ನೆಯ ಇಸವಿ ಸಪ್ಟೆಂಬರ್ 9ನೆಯ ತಾರೀಖು ಬೆಳಿಗ್ಗೆ, ಆರೆಗನ್ ಸಂಸ್ಥಾನದ ಬ್ರೂಕಿಂಗ್ಸ್ ಎಂಬ ಊರಿನ ಬಳಿಯ ಮೌಂಟ್ ಎಮಿಲಿಯ ಮೇಲಿದ್ದ ಕಾವಲುಗಾರನು ಒಂದು ಚಿಕ್ಕ ವಿಮಾನವನ್ನು ಕಂಡು ಸುದ್ದಿ ಕೊಟ್ಟನು. ಅದು ಜಪಾನಿನ ಮುಳುಗುಹಡಗಿನಿಂದ ಹಾರಿಬಂದದ್ದು. ನಡಿಸುತ್ತಿದ್ದವನು ನೊಬುವೊ ಫುಜಿತ. ಕಾಡಿಗೆ ಬೆಂಕಿ ಹಚ್ಚುವದಕ್ಕಾಗಿ ಅವನು ಎರಡು ಬಾಂಬುಗಳನ್ನು ಹಾಕಿಹೋದನು. ಆ ಮೇಲೆ ಕಾವಲುಗಾರನಿಗೆ ಹೊಗೆ ಕಂಡಿತು. ಅವನೂ ಮತ್ತೊಂದು ಬೆಟ್ಟದ ಕಾವಲುಗಾರನೂ ಕಾಡಿನಲ್ಲಿ ನಡೆದು ಹೋಗಿ, ರಾತ್ರಿಯೆಲ್ಲಾ ಆ ಬೆಂಕಿಯನ್ನು ಹಬ್ಬಗೊಡದೆ ಹಿಡಿದರು. ಬೆಳಿಗ್ಗೆ ಸಹಾಯಕ್ಕೆ ಜನರು ಬಂದರು. ಮಳೆ ಸುರಿದು ಕಾಡು ತೇವವಾಗಿದ್ದದ್ದೂ ದೇವರ ಕೃಪೆಯೇ.

ಯೆಹೆಜ್ಕೇಲನ ಅಧ್ಯಾಯದಲ್ಲಿ ಕಾವಲುಗಾರನು ಕಾಣುವದು ಬರುತ್ತಿರುವ ಕತ್ತಿಯನ್ನು. ಬ್ರೂಕಿಂಗ್ಸಿಗೆ ಕತ್ತಿಯು ಇಪ್ಪತ್ತು ವರುಷಗಳಾದ ಮೇಲೆ ಬಂತು. 1962ರಲ್ಲಿ ಆ ಊರಿನವರು ಫುಜಿತನನ್ನು ತಮ್ಮ ಹಬ್ಬಕ್ಕೆ ಕರೆಸಿದರು. ಕರೆಯಕೂಡದೆಂದು ಊರಲ್ಲಿ ಜಗಳವಾಡಿದವರೂ ಇದ್ದರು. ಅವನು ತನ್ನ ಮನೆತನದಲ್ಲಿ 400 ವರುಷಗಳಿಂದ ಇದ್ದ ಕತ್ತಿಯನ್ನು ಹಿಡಿದುಕೊಂಡು ಬಂದನು. ಜನರು ತನ್ನ ಮೇಲೆ ಕೋಪದಿಂದೆದ್ದರೆ ಅದರಿಂದಲೇ ತನ್ನ ಪ್ರಾಣವನ್ನು ತೆಗೆದುಕೊಳ್ಳುವದಾಗಿ ನಿಶ್ಚಯಿಸಿ ಬಂದಿದ್ದನೆಂದು ಅವನ ಮಗಳು ಹೇಳಿದ್ದುಂಟು. ಜನರು ಅವನನ್ನು ಮನೆಗೆ ಬಂದ ಅತಿಥಿಯಂತೆ ಸೇರಿಸಿಕೊಂಡರು. ಅವನು ಆ ಕತ್ತಿಯನ್ನು ಊರಿಗೇ ಕೊಟ್ಟನು. ಅದನ್ನು ಅಲ್ಲಿಯ ಪುಸ್ತಕ ಭಂಡಾರದಲ್ಲಿ ಇಟ್ಟರು. 1992ರಲ್ಲಿ ಅವನು ಮುಪ್ಪಿನವನಾಗಿ ತಿರಿಗಿ ಬಂದು, ಬಾಂಬು ಬಿದ್ದ ಸ್ಥಳದಲ್ಲಿ ಒಂದು ಸಸಿಯನ್ನು ನೆಟ್ಟನು. 1997ರಲ್ಲಿ ಸತ್ತನು. ಮರುವರುಷ ಅವನ ಮಗಳು ಬೂದಿಯಲ್ಲಿ ಒಂದು ಪಾಲನ್ನು ತಂದು, ತಂದೆಯು ಸುಡಲಿಕ್ಕೆ ಬಂದಿದ್ದ ಅದೇ ಕಾಡಿನಲ್ಲಿ ಮಣ್ಣು ಮಾಡಿದಳು.